ತೂಕ ಜಾಸ್ತಿ ಇರುವ ಬಸುರಿಗೆ ದಿನಾ ಇಂಜೆಕ್ಷನ್ ಯಾಕೆ, ಸಿಸೇರಿಯನ್ನೇ ಆಗ್ಬೇಕಾ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಾನು ಉಡುಪಿ ಹತ್ರದವಳು, 36 ವರ್ಷ, ಇದು ಎರಡನೇದು, ಈಗ 26 ವಾರ. ಮೊದಲನೇದು ನಾರ್ಮಲ್ ಡೆಲಿವರಿ. ಈ ಸಲ ಮೊದಲ ಚೆಕಪ್‌ಗೆ ಹೋದಾಗ ತೂಕ 96 ಕೆಜಿ ಇತ್ತು, ಎತ್ತರ 5 ಅಡಿ 2 ಇಂಚು. ಎರಡೂ ಕಾಲಲ್ಲಿ ಮೊಣಕಾಲಿನ ಮೇಲಿನವರೆಗೆ ನರ ಉಬ್ಬಿದೆ, ಸಂಜೆ ಆದ್ರೆ ನೋವು. ರಕ್ತ ಹೆಪ್ಪುಗಟ್ಟದ ಹಾಗೆ 28 ವಾರದಿಂದ ದಿನಾ ಹೊಟ್ಟೆಗೆ ಇಂಜೆಕ್ಷನ್ ತಗೊಳ್ಬೇಕು ಅಂತ ನಮ್ಮ ಡಾಕ್ಟ್ರು ಹೇಳಿದ್ದಾರೆ. ಸೂಜಿ ಮಗುವಿಗೆ ತಾಗ್ತದೆ, ಬೇಡ ಅಂತ ಅತ್ತೆ ಹೇಳ್ತಾರೆ. ಬಿಪಿ ಏರಬಾರದು ಅಂತ ಆಸ್ಪಿರಿನ್ ಮಾತ್ರೆ ಆಗ್ಲೇ ತಗೊಳ್ತಾ ಇದ್ದೇನೆ, ಅದೇ ಸಾಲದಾ? ಮತ್ತೆ ಈ ತೂಕದಲ್ಲಿ ನಾರ್ಮಲ್ ಆಗುದೇ ಇಲ್ಲ, ಡೇಟ್ ತಗೊಂಡು ಸಿಸೇರಿಯನ್ ಮಾಡ್ಸು ಅಂತ ಮನೆಯಲ್ಲಿ ಎಲ್ರೂ ಹೇಳ್ತಿದ್ದಾರೆ. ಹೌದಾ?

ಉತ್ತರ: ನಿಮ್ಮ ಡಾಕ್ಟ್ರು ಲೆಕ್ಕ ಹಾಕಿಯೇ ಹೇಳಿದ್ದಾರೆ, ಹೆದರ್ಬೇಡಿ. ಬಸುರಿನಲ್ಲಿ ಎಲ್ಲರ ರಕ್ತವೂ ಸ್ವಲ್ಪ ಬೇಗ ಹೆಪ್ಪುಗಟ್ತದೆ, ಹೆರಿಗೆಯಲ್ಲಿ ರಕ್ತ ಹೋದ್ರೆ ಬೇಗ ನಿಲ್ಲಲಿ ಅಂತ ದೇಹ ಮಾಡಿಕೊಳ್ಳುವ ತಯಾರಿ ಅದು. ಜೊತೆಗೆ ಗರ್ಭ ದೊಡ್ಡದಾದ ಹಾಗೆ ಕಾಲಿಂದ ಮೇಲೆ ಬರುವ ರಕ್ತನಾಳವನ್ನು ಒತ್ತುತ್ತದೆ, ತೋಡಿನಲ್ಲಿ ನೀರಿನ ಹರಿವು ಕಮ್ಮಿ ಆದ್ರೆ ಕಸ ಕಟ್ಟುವ ಹಾಗೆ ಕಾಲಿನಲ್ಲಿ ರಕ್ತ ನಿಧಾನ ಆಗಿ ಗಡ್ಡೆ ಕಟ್ಟುವ ಸಾಧ್ಯತೆ ಉಂಟು, ಆ ಗಡ್ಡೆಯ ತುಂಡು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ತೂಕ ಜಾಸ್ತಿ ಇದ್ರೆ ಈ ರಿಸ್ಕ್ ಇನ್ನೂ ಏರ್ತದೆ. ಹಾಗಂತ ತೂಕ ಒಂದನ್ನೇ ನೋಡಿ ತೀರ್ಮಾನ ಮಾಡುದಿಲ್ಲ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಅಂಕ ಹಾಕುವ ಕ್ರಮ ಉಂಟು, ನಮ್ಮಲ್ಲೂ ಅದನ್ನು ನೋಡುವ ಡಾಕ್ಟ್ರುಗಳಿದ್ದಾರೆ. ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕ, 30 ಮುಟ್ಟಿದ್ರೆ ಒಂದು ಅಂಕ, 40 ಮುಟ್ಟಿದ್ರೆ ಎರಡು. ವಯಸ್ಸು 35 ದಾಟಿದ್ರೆ ಒಂದು. ನಿಮ್ಮ ಹಾಗೆ ಮೊಣಕಾಲಿನ ಮೇಲೆ ಉಬ್ಬಿ ನೋಯುವ ನರಕ್ಕೆ ಒಂದು. ನಿಮ್ಮ ಬಿಎಂಐ ಹತ್ತಿರ ಹತ್ತಿರ 39, ಹಾಗಾಗಿ ಒಟ್ಟು ಮೂರು ಅಂಕ ಆಯ್ತು, ಮೂರಕ್ಕೆ 28 ವಾರದಿಂದ ಇಂಜೆಕ್ಷನ್ ಅಂತ ಅದರಲ್ಲಿ ಇರುದು. ನಾಲ್ಕಾದ್ರೆ ಮೊದಲ ಮೂರು ತಿಂಗಳಿಂದಲೇ ಶುರು ಮಾಡ್ತಾರೆ. ಮಧ್ಯದಲ್ಲಿ ಪ್ರಿಎಕ್ಲಾಂಪ್ಸಿಯಾ, ಅಂದ್ರೆ ಬಸುರಿನಲ್ಲಿ ಬಿಪಿ ಏರಿ ಬರುವ ಕಾಯಿಲೆ, ಆದ್ರೆ, ಅಡ್ಮಿಟ್ ಆದ್ರೆ, ವಾಂತಿಭೇದಿಯಾಗಿ ಮೈಯಲ್ಲಿ ನೀರಿನಂಶ ಕಮ್ಮಿ ಆದ್ರೆ ಲೆಕ್ಕ ಬದಲಾಗ್ತದೆ, ಆಗ ಇನ್ನೊಮ್ಮೆ ಅಂಕ ನೋಡಿ ಅಂತ ನೀವೇ ಕೇಳಿ.

ಆಸ್ಪಿರಿನ್ ಬೇರೆ ಕೆಲಸಕ್ಕೆ. ಪ್ರಿಎಕ್ಲಾಂಪ್ಸಿಯಾ ಬರುವ ಸಾಧ್ಯತೆ ಕಮ್ಮಿ ಮಾಡ್ಲಿಕ್ಕೆ ಅದನ್ನು ಕೊಡುದು, ಕಾಲಿನ ಗಡ್ಡೆ ತಡೀಲಿಕ್ಕೆ ಅದನ್ನು ನಂಬಿ ಕೂರುವ ಹಾಗಿಲ್ಲ. ಎರಡನ್ನೂ ಡಾಕ್ಟ್ರು ಹೇಳಿದ ಹಾಗೆ ತಗೊಳ್ಳಿ.

ಇನ್ನು ನಿಮ್ಮ ಅತ್ತೆಯವರ ಹೆದರಿಕೆ. ಸೂಜಿ ತುಂಬಾ ಸಣ್ಣದು, ಹೊಕ್ಕುಳಿಂದ ದೂರ, ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು ಆ ಮಡಿಕೆಗೆ ನೇರ ಚುಚ್ಚುದು, ಮದ್ದು ಚರ್ಮದ ಕೆಳಗಿನ ಕೊಬ್ಬಿನಲ್ಲೇ ನಿಲ್ತದೆ. ಮಗು ಅದರಿಂದ ಎಷ್ಟೋ ಒಳಗೆ, ಈ ಮದ್ದು ಮಾಸನ್ನು ದಾಟಿ ಮಗುವಿಗೆ ಹೋಗುದೂ ಇಲ್ಲ. ಹೊಟ್ಟೆಗೆ ಬೇಡವೇ ಬೇಡ ಅಂತಾದ್ರೆ ತೊಡೆಗೂ ತಗೊಳ್ಬಹುದು. ಸಿರಿಂಜಿನಲ್ಲಿ ಒಂದು ಗಾಳಿಗುಳ್ಳೆ ಕಾಣ್ತದೆ, ಇಡೀ ಡೋಸ್ ತಗೊಳ್ಳುವವರು ಅದನ್ನು ಹೊರಗೆ ಹಾಕ್ಲಿಕ್ಕೆ ಹೋಗ್ಬೇಡಿ, ಮದ್ದೂ ಸ್ವಲ್ಪ ಚೆಲ್ಲಿ ಹೋಗ್ತದೆ. ಚುಚ್ಚಿದ ಮೇಲೆ ಉಜ್ಜಬೇಡಿ, ಉಜ್ಜಿದ್ರೆ ನೀಲಿ ಕಟ್ತದೆ. ದಿನಾ ಜಾಗ ಬದಲಿಸಿ. ಮೊದಲ ಎರಡು ಮೂರು ದಿನ ನರ್ಸ್ ಹತ್ರ ಕಲಿತು ಆಮೇಲೆ ಮನೆಯಲ್ಲೇ ತಗೊಳ್ಳುವವರು ತುಂಬಾ ಜನ ಇದ್ದಾರೆ.

ಡೋಸ್ ವಿಷಯ ಮಾತ್ರ ಖಂಡಿತ ಕೇಳಿ. ನಿಮಗೆ ಬರೆದ ಇಂಜೆಕ್ಷನ್ ಎನೋಕ್ಸಾಪರಿನ್ ಅನ್ನುವ ಮದ್ದಾದ್ರೆ 50ರಿಂದ 90 ಕೆಜಿಯವರಿಗೆ ದಿನಕ್ಕೆ 40 ಮಿಲಿಗ್ರಾಂ, 91ರಿಂದ 130ರವರೆಗೆ 60 ಅಂತ ಅದೇ ಮಾರ್ಗಸೂಚಿ ಹೇಳ್ತದೆ. ಎಲ್ರಿಗೂ 40 ಬರೆಯುವ ಅಭ್ಯಾಸ ಇದ್ದಲ್ಲಿ ನಿಮಗೆ ಕಮ್ಮಿ ಬಿದ್ದೀತು, ಅದಕ್ಕೆ ಇವತ್ತಿನ ತೂಕ ಹೇಳಿಯೇ ಚೀಟಿ ಬರೆಸಿಕೊಳ್ಳಿ.

ಹೆರಿಗೆ ನೋವು ಶುರು ಆದ ಹಾಗೆ ಅನ್ನಿಸಿದ್ರೆ, ನೀರು ಹೋದ್ರೆ, ರಕ್ತ ಕಂಡ್ರೆ ಮುಂದಿನ ಇಂಜೆಕ್ಷನ್ ತಗೊಳ್ದೆ ಆಸ್ಪತ್ರೆಗೆ ಫೋನ್ ಮಾಡಿ. ಯಾಕಂದ್ರೆ ಕೊನೆಯ ಡೋಸ್ ಆಗಿ 12 ಗಂಟೆ ಆಗದೆ ನೋವು ಗೊತ್ತಾಗದ ಹಾಗೆ ಬೆನ್ನಿಗೆ ಕೊಡುವ ಅರಿವಳಿಕೆ, ಅಂದ್ರೆ ಎಪಿಡ್ಯೂರಲ್, ಸ್ಪೈನಲ್ ಕೊಡುದಿಲ್ಲ. ಅರಿವಳಿಕೆ ಡಾಕ್ಟ್ರನ್ನು 34ನೇ ವಾರದ ಸುಮಾರಿಗೆ ಒಮ್ಮೆ ಭೇಟಿ ಆಗಿ ಅಂತ ನಾನು ಹೇಳ್ತೇನೆ, ತೂಕ ಜಾಸ್ತಿ ಇದ್ದವರಿಗೆ ಬೆನ್ನಿನಲ್ಲಿ ಜಾಗ ಹುಡುಕ್ಲಿಕ್ಕೆ ಸಮಯ ಹಿಡೀತದೆ, ಅರ್ಜೆಂಟಲ್ಲಿ ಮಾಡುವ ಬದಲು ಹೆರಿಗೆ ನೋವಿನಲ್ಲಿ ಎಪಿಡ್ಯೂರಲ್ ಬೇಗ ಹಾಕಿಟ್ರೆ ಒಳ್ಳೇದು.

ಸಿಸೇರಿಯನ್ ವಿಷಯ. ತೂಕ ಜಾಸ್ತಿ ಉಂಟು ಅನ್ನುದೊಂದೇ ಕಾರಣಕ್ಕೆ ಆಪರೇಷನ್ ಮಾಡ್ಬೇಕು ಅಂತ ಇಲ್ಲ. ನಿಮಗೆ ಒಮ್ಮೆ ನಾರ್ಮಲ್ ಆಗಿದೆ, ಅದು ನಿಮ್ಮ ಪರವಾಗಿ ಇರುವ ದೊಡ್ಡ ವಿಷಯ. ತೂಕ ಇದ್ದಾಗ ನೋವು ಬರಿಸ್ಬೇಕಾಗಿ ಬರುದು, ಹೆರಿಗೆ ನಿಧಾನ ಆಗುದು, ಕೊನೆಗೆ ಸಿಸೇರಿಯನ್ ಆಗುದು ಉಳಿದವರಿಗಿಂತ ಜಾಸ್ತಿ, ಇದನ್ನು ಮುಚ್ಚಿಡುದಿಲ್ಲ. ಆದ್ರೆ ಆಪರೇಷನ್ ಆದ್ರೆ ಗಾಯ ಕೀವಾಗುದು, ಹೆಪ್ಪುಗಟ್ಟುದು ಕೂಡ ತೂಕದವರಿಗೇ ಜಾಸ್ತಿ, ಅದನ್ನು ಮನೆಯಲ್ಲಿ ಯಾರೂ ಹೇಳುದಿಲ್ಲ. ಮಗುವಿನ ಗಾತ್ರ, ಶುಗರ್, ಬಿಪಿ, ಮಾಸು ಇರುವ ಜಾಗ ಇದೆಲ್ಲ ನೋಡಿ 36 ವಾರ ಆದ ಮೇಲೆ ನಿಮ್ಮ ಡಾಕ್ಟ್ರ ಜೊತೆ ಕೂತು ನಿರ್ಧಾರ ಮಾಡಿ. ಎಲ್ಲ ಕೇಳಿಯೂ ನಿಮಗೆ ಸಿಸೇರಿಯನ್ನೇ ಬೇಕು ಅನ್ನಿಸಿದ್ರೆ ಅದೂ ಮಾತಾಡುವ ವಿಷಯವೇ, ಆದ್ರೆ ಮನೆಯವರ ಹೆದರಿಕೆಗೆ ಬೇಡ. ಅರಿವಳಿಕೆ ಡಾಕ್ಟ್ರು, ರಕ್ತದ ವ್ಯವಸ್ಥೆ, ಮಕ್ಕಳ ಡಾಕ್ಟ್ರು ರಾತ್ರಿಯೂ ಇರುವ ಆಸ್ಪತ್ರೆಯೇ ಆಗಲಿ. ಹೆರಿಗೆ ನೋವಿನಲ್ಲಿ ಬೆನ್ನ ಮೇಲೆ ಮಲಗಿಯೇ ಇರ್ಬೇಡಿ, ಪಕ್ಕಕ್ಕೆ ತಿರುಗ್ಲಿಕ್ಕೆ, ಎದ್ದು ನಿಲ್ಲಲಿಕ್ಕೆ ಬಿಡಿ ಅಂತ ಮೊದಲೇ ಹೇಳಿಡಿ.

ಬಿಪಿ ನೋಡುವಾಗ ದೊಡ್ಡ ಪಟ್ಟಿ ಹಾಕ್ಲಿಕ್ಕೆ ಹೇಳಿ, ಸಣ್ಣ ಪಟ್ಟಿಯನ್ನು ದಪ್ಪ ತೋಳಿಗೆ ಎಳೆದು ಕಟ್ಟಿದ್ರೆ ಇಲ್ಲದ ಬಿಪಿ ತೋರಿಸ್ತದೆ, ಆ ಸುಳ್ಳು ನಂಬರಿಗೆ ಮಾತ್ರೆ, ಅಡ್ಮಿಷನ್ ಎಲ್ಲ ಶುರು ಆಗ್ತದೆ. ಕೇಳ್ಲಿಕ್ಕೆ ನಾಚಿಕೆ ಬೇಡ. ತಪಾಸಣೆಗೆ ಬಂದ ಬಸುರಿಗೆ ನಾಲ್ಕು ಜನರ ಎದುರು ತೂಕದ ಬಗ್ಗೆ ಚುಚ್ಚಿ ಮಾತಾಡುದು ನಮ್ಮ ಆಸ್ಪತ್ರೆಗಳಲ್ಲಿ ನಿಲ್ಲಲೇಬೇಕು, ಹಾಗೆ ಮಾತು ಕೇಳಿದವರು ಮುಂದಿನ ಚೆಕಪ್‌ಗೇ ಬರುದಿಲ್ಲ.

ಪ್ರಶ್ನೆ: ಮಗಳಿಗೆ ಸಿಸೇರಿಯನ್ ಆಗಿ 12 ದಿನ, ಮಂಗಳೂರಲ್ಲಿ ನಮ್ಮ ಮನೆಯಲ್ಲೇ ಬಾಣಂತನ. ತೂಕ ಜಾಸ್ತಿ ಉಂಟು. ಎಡಗಾಲಿನ ಮೀನಖಂಡ ಬಾತು ನೋಯ್ತದೆ. ಎಣ್ಣೆ ಹಚ್ಚಿ ಜೋರಾಗಿ ತಿಕ್ಕಿದ್ರೆ ಇಳೀತದೆ ಅಂತಾರೆ ಬಾಣಂತನಕ್ಕೆ ಬರುವ ಅಮ್ಮ. ತಿಕ್ಕಿಸ್ಬಹುದಾ?

ಉತ್ತರ: ಬೇಡ, ತಿಕ್ಕಿಸ್ಲೇಬೇಡಿ. ಪತ್ರ ಕೈಗೆ ಬಂದ ಕೂಡ್ಲೇ ನಿಮಗೆ ಫೋನ್ ಮಾಡಿ ಇದನ್ನೇ ಹೇಳಿದ್ದೇವೆ, ಉಳಿದವರಿಗೂ ಗೊತ್ತಾಗ್ಲಿ ಅಂತ ಇಲ್ಲಿ ಬರೀತಿದ್ದೇನೆ. ಒಂದೇ ಕಾಲು ಬಾತು, ಬಿಸಿಯಾಗಿ, ನೋಯ್ತಾ ಇದ್ರೆ ಅದು ಹೆಪ್ಪುಗಟ್ಟಿದ ರಕ್ತ ಆಗಿರ್ಬಹುದು, ಬಸುರಿ ಬಾಣಂತಿಯರಲ್ಲಿ ಎಡಗಾಲಿಗೇ ಜಾಸ್ತಿ. ಅವತ್ತೇ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸ್ಬೇಕು, ಖರ್ಚಿನ ತೊಂದರೆ ಇದ್ರೆ ಮಂಗಳೂರಿನವರು ಸರ್ಕಾರಿ ಲೇಡಿ ಗೋಶನ್ ಆಸ್ಪತ್ರೆಗೆ ಹೋಗಿ ಕೇಳಿ. ದಮ್ಮು ಕಟ್ಟಿದ್ರೆ, ಎದೆ ನೋವು ಬಂದ್ರೆ, ಕೆಮ್ಮಿನಲ್ಲಿ ರಕ್ತ ಕಂಡ್ರೆ ಕಾಯದೆ 108ಕ್ಕೆ ಫೋನ್ ಮಾಡಿ.

ಹೆರಿಗೆ ಆದ ಮೇಲಿನ ಆರು ವಾರವೇ ಈ ಗಡ್ಡೆಗೆ ಅತಿ ಅಪಾಯದ ಸಮಯ, ನಮ್ಮಲ್ಲಿ ಬಾಣಂತಿಯನ್ನು ಮಲಗಿಸಿಯೇ ಇಡುವ 40 ದಿನವೂ ಅದೇ. ಬಿಸಿನೀರ ಸ್ನಾನ, ಗಂಜಿ, ಆರೈಕೆ ಎಲ್ಲ ಇರಲಿ, ಆದ್ರೆ ಹೊಟ್ಟೆ ಬರ್ತದೆ ಅಂತ ನೀರು ಕೊಡ್ದೆ ಇರುದು, ಕೋಣೆಯಿಂದ ಏಳ್ಲಿಕ್ಕೆ ಬಿಡದೆ ಇರುದು ಬೇಡ. ಬಾಯಾರಿದಷ್ಟೂ ನೀರು ಕೊಡಿ, ಮನೆಯೊಳಗೇ ಆಗಾಗ ನಡೆಸಿ, ಮಲಗಿದಲ್ಲೂ ಪಾದ ಮೇಲೆ ಕೆಳಗೆ ಆಡಿಸ್ಲಿ. ಬಸುರಿನಲ್ಲೇ ಇಂಜೆಕ್ಷನ್ ತಗೊಂಡವರಿಗೆ ಹೆರಿಗೆ ಆದ ಮೇಲೂ ಸಾಮಾನ್ಯವಾಗಿ ಆರು ವಾರ ಅದು ಬೇಕಾಗ್ತದೆ, ನೋವು ಶುರು ಆದ ಮೇಲೆ ಸಿಸೇರಿಯನ್ ಆದವರಿಗೆ ಕಮ್ಮಿ ಅಂದ್ರೆ 10 ದಿನ. ಹಾಲು ಕುಡಿಸ್ತಾ ತಗೊಳ್ಬಹುದು, ತೊಂದರೆ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಎಷ್ಟು ದಿನ ಅಂತ ಬರೆದಿದ್ದಾರಾ ನೋಡಿ, ಬರೆಯದಿದ್ರೆ ಆಸ್ಪತ್ರೆ ಬಿಡುವ ಮೊದಲೇ ಕೇಳಿ ಬರೆಸಿಕೊಳ್ಳಿ.