ಕಂಬದ ಗುಳಿಗಳೂ ಕಾಣದ ತೂತುಗಳೂ

ಪ್ರಶ್ನೆ: ಕಾಂಕ್ರೀಟ್ ಕಂಬದ ಶಟರಿಂಗ್ (ಅಚ್ಚಿನ ಹಲಗೆ) ಬಿಚ್ಚಿದಾಗ ಮೈಮೇಲೆ ಅಲ್ಲಲ್ಲಿ ಸಣ್ಣ ಗುಳಿಗಳು ಕಂಡವು. ಸಿಮೆಂಟ್ ಒಣಗುವಾಗ ಒಳಗೆ ಗಾಳಿ ಹುಟ್ಟುತ್ತದೆಯೇ? ಇವು ಮುಂದೆ ದೊಡ್ಡದಾಗುತ್ತವೆಯೇ?

ಉತ್ತರ: ಇಲ್ಲ, ದೊಡ್ಡದಾಗುವುದಿಲ್ಲ. ಅವು ಕಲಸುವಾಗ, ಸುರಿಯುವಾಗ ಸಿಕ್ಕಿಕೊಂಡ ಗಾಳಿಯ ಗುರುತು. ಹಸಿ ಕಾಂಕ್ರೀಟನ್ನು ಅದುರಿಸುವ ವೈಬ್ರೇಟರ್ ಸರಿಯಾಗಿ ಓಡಿಸಿದ್ದರೆ ಬಹುಪಾಲು ಗುಳ್ಳೆಗಳು ಮೇಲೆದ್ದು ಹೋಗುತ್ತಿದ್ದವು. ಮೈಮೇಲಷ್ಟೇ ಇದ್ದರೆ ಸಿಮೆಂಟ್ ಸವರಿ ಮುಚ್ಚಿದರಾಯಿತು. ಒಳಗೂ ಹೀಗೇ ಉಳಿದಿದ್ದರೆ ತೊಂದರೆ: ಗಾಳಿ ಶೇ. 1ರಷ್ಟು ಜಾಸ್ತಿಯಾದರೆ ಬಲ ಸುಮಾರು ಶೇ. 5ರಷ್ಟು ಇಳಿಯುತ್ತದೆ.

ಇನ್ನು ‘ಒಣಗುವ’ ಮಾತು. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆ ಬೆರೆತು ಬೇರೆಯೇ ವಸ್ತುವಾಗುವುದರಿಂದ. ಹೊಸದಾಗಿ ಕಲಸಿದಾಗ ಕಣಗಳ ನಡುವೆ ಬರೀ ನೀರು. ಆಮೇಲೆ ಪ್ರತಿ ಕಣದ ಸುತ್ತ ಅಂಟಿನಂಥ ಜೆಲ್ ಬೆಳೆಯುತ್ತದೆ, ಕರಗಿದ ಸಿಮೆಂಟಿನ ಎರಡರಷ್ಟಕ್ಕಿಂತ ತುಸು ಹೆಚ್ಚೇ ಜಾಗ ಹಿಡಿಯುವ ಇದು ನೀರಿದ್ದ ಸಂದುಗಳನ್ನು ಒಂದೊಂದಾಗಿ ತುಂಬುತ್ತಾ ಹೋಗುತ್ತದೆ, ತುಂಬದೆ ಉಳಿದ ಸಂದುಗಳೇ ಕ್ಯಾಪಿಲರಿ ರಂಧ್ರಗಳು. ಕಣ್ಣಿಗೆ ಕಾಣುವುದಿಲ್ಲ, ಆದರೆ ನೀರು ಒಳನುಗ್ಗುವುದು ಇವುಗಳ ಮೂಲಕವೇ.

ಒಂದು ಲೆಕ್ಕದಲ್ಲಿ ನಿಮ್ಮ ಅನುಮಾನವೂ ಪೂರ್ತಿ ಸುಳ್ಳಲ್ಲ. ಸಿಮೆಂಟ್ ಮತ್ತು ನೀರು ಬೇರೆಬೇರೆಯಾಗಿದ್ದಾಗ ಹಿಡಿದಷ್ಟು ಜಾಗವನ್ನು ಅವೆರಡೂ ಸೇರಿ ಆದ ವಸ್ತು ಹಿಡಿಯುವುದಿಲ್ಲ. 100 ಗ್ರಾಂ ಸಿಮೆಂಟಿಗೆ ಸುಮಾರು 6 ಮಿಲಿಲೀಟರ್ ಕಡಿಮೆ ಬೀಳುತ್ತದೆ. ಮೆತ್ತಗಿರುವಾಗ ಇಡೀ ಮುದ್ದೆಯೇ ಕುಗ್ಗಿ ಸರಿಹೋಗುತ್ತದೆ, ಸೆಟ್ ಆದ ಮೇಲೆ ಕುಗ್ಗಲು ಆಗುವುದಿಲ್ಲವಲ್ಲ, ಆಗ ಒಳಗೇ ಖಾಲಿ ಜಾಗ ಬಿಟ್ಟುಕೊಳ್ಳುತ್ತದೆ. ಕ್ಯೂರಿಂಗ್ ಮಾಡುವಾಗ, ಅಂದರೆ ನೀರುಣಿಸಿ ಒದ್ದೆಯಾಗಿಡುವಾಗ, ಹೊರಗಿನ ನೀರು ಹೋಗಿ ಸೇರಲು ನೋಡುವುದು ಇಲ್ಲಿಗೇ.

ನಿಜವಾದ ಕಿತಾಪತಿ ಇರುವುದು ಕಲಸುವ ನೀರಿನಲ್ಲಿ. ಸುರಿಯಲು ಸಲೀಸು ಅಂತ ಸುಮ್ನೆ ಇನ್ನೊಂದು ಬಕೆಟ್ ಹಾಕಿಬಿಡುತ್ತಾರೆ, ಅಲ್ವಾ? ನೀರು ಹೆಚ್ಚಾದಷ್ಟೂ ಜೆಲ್ ತುಂಬಬೇಕಾದ ಸಂದೂ ಹೆಚ್ಚು. 1959ರಲ್ಲಿ ಅಮೆರಿಕದ ಸಿಮೆಂಟ್ ಸಂಶೋಧಕ ಪವರ್ಸ್ ಮತ್ತು ಜೊತೆಗಾರರು ಇದನ್ನು ಅಳೆದು ತೋರಿಸಿದರು. ಸಿಮೆಂಟಿನ ತೂಕದ 0.4ರಷ್ಟು ನೀರಿದ್ದು ಒದ್ದೆಯಾಗಿಟ್ಟರೆ ಒಂದಕ್ಕೊಂದು ಕೂಡಿಕೊಂಡ ರಂಧ್ರಗಳ ನಡುವಿನ ದಾರಿ ಸುಮಾರು 3 ದಿನದಲ್ಲಿ ಮುಚ್ಚಿಹೋಗುತ್ತದೆ. 0.5 ಆದರೆ 14 ದಿನ, 0.6ಕ್ಕೆ 6 ತಿಂಗಳು. 0.7 ದಾಟಿದರೆ ಎಷ್ಟು ಕಾಲ ನೀರುಣಿಸಿದರೂ ಆ ದಾರಿ ಮುಚ್ಚುವುದೇ ಇಲ್ಲ.

ಅಂದಹಾಗೆ, ಗುಳಿಯಲ್ಲಿ ಜಲ್ಲಿಯೋ ಕಬ್ಬಿಣವೋ ಕಾಣುತ್ತಿದ್ದರೆ ಸವರಿ ಮುಚ್ಚಬೇಡಿ, ಮೊದಲು ಎಂಜಿನಿಯರಿಗೆ ತೋರಿಸಿ.