ಒಮ್ಮೆ ಹಾಕಿದ, ಆದರೆ ಕೊಳೆಯಾಗದ ಬಟ್ಟೆಗಳನ್ನು ಎಲ್ಲಿಡಬೇಕು? ಕುರ್ಚಿ ಮೇಲಿಟ್ಟರೆ ಮುಗ್ಗಲು ವಾಸನೆ ಬರುವುದೇಕೆ?

ಗಾಳಿಯಾಡುವ ಕಡೆ ಒಂದು ನ್ಯಾಲೆಯನ್ನೋ ನಾಲ್ಕೈದು ಗೂಟಗಳನ್ನೋ ಅವಕ್ಕೇ ಮೀಸಲಿಟ್ಟು, ಒಂದೊಂದಾಗಿ ಬಿಡಿಸಿ ಹಾಕಿ. ಬೀರುವಿಗೆ ಸೇರಿಸಬೇಡಿ.

ಮುಟ್ಟಿದರೆ ಒಣಗಿದಂತಿದ್ದರೂ ಬಟ್ಟೆಯಲ್ಲಿ ಬೆವರಿನ ತೇವ ಉಳಿದಿರುತ್ತದೆ. ರಾಶಿ ಹಾಕಿದರೆ ಅದು ಆರುವುದಿಲ್ಲ; ಬೆವರನ್ನು ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಿ ವಾಸನೆ ಹುಟ್ಟುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಜುಲೈನಲ್ಲಿ ಗಾಳಿಯೇ ಒದ್ದೆ, ಮಡಚಿಟ್ಟ ಬಟ್ಟೆಗೆ ಬೂಷ್ಟೂ ಹಿಡಿಯುತ್ತದೆ. ಆಗ ರಾತ್ರಿ ಫ್ಯಾನಿನ ಕೆಳಗೆ ಹರಡಿ. (ಬಚ್ಚಲೊಲೆಯ ಮೇಲೂ ಒಣಗುತ್ತದೆ, ಆದರೆ ಆಫೀಸಿಗೆ ಹೊಗೆ ವಾಸನೆ ಹೊತ್ತು ಹೋಗಬೇಕು!)

ಜೀನ್ಸ್, ಸ್ವೆಟರ್‌ಗೆ ಇಷ್ಟು ಸಾಕು. ಬನಿಯನ್, ಕಾಲುಚೀಲ, ಕಂಕುಳು ಬೆವೆತ ಪಾಲಿಯೆಸ್ಟರ್ ಅಂಗಿ ಮಾತ್ರ ಅವತ್ತೇ ಬಕೆಟ್ಟಿಗೆ. ನ್ಯಾಲೆ ತುಂಬಿತೆಂದರೆ ಹಳೆಯದನ್ನು ಒಗೆಯಲು ಹಾಕಿ, ಎರಡನೇ ನ್ಯಾಲೆ ಕಟ್ಟಬೇಡಿ.