ಒಂದೇ ತಮಟೆ ಲೂಪ್‌ಗೆ ಒಂದು ಸಾಫ್ಟ್‌ವೇರ್ 138 ಬಿಪಿಎಂ ಅನ್ನುತ್ತೆ, ಇನ್ನೊಂದು 92 ಅನ್ನುತ್ತೆ. ಯಾವುದನ್ನ ನಂಬಲಿ?

ಲೂಪ್ ಅಂದರೆ ಮತ್ತೆ ಮತ್ತೆ ತಿರುಗಿಸೋ ಚಿಕ್ಕ ತುಣುಕು, ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ತಾಳ (ಬೀಟ್) ಅನ್ನೋ ಲೆಕ್ಕ. ಈಗ 138ನ್ನ 92ರಿಂದ ಭಾಗಿಸಿ ನೋಡಿ. ಸರಿಯಾಗಿ ಒಂದೂವರೆ ಬರುತ್ತೆ. ಈ ಒಂದೂವರೆ ನನಗೆ ಒಂದು ಸಲ ಸರಿಯಾಗಿ ಮಣ್ಣು ಮುಕ್ಕಿಸಿದೆ, ಅದಕ್ಕೇ ನಿಮ್ಮ ಪ್ರಶ್ನೆ ಕಂಡ ತಕ್ಷಣ ಬರೆಯೋಕೆ ಕೂತೆ.

ನಮ್ಮೂರು ಪಾಂಡವಪುರದ ಹತ್ತಿರ. ಹಬ್ಬದಲ್ಲಿ ಪೂಜಾ ಕುಣಿತಕ್ಕೆ ಬಾರಿಸುತ್ತಿದ್ದ ತಮಟೆಯನ್ನ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡ್ಕೊಂಡಿದ್ದೆ. ಆಗಷ್ಟೇ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ್ದ ತಮಟೆ, ಒಂದೊಂದು ಏಟೂ ಬಂದು ಎದೆಗೇ ಬೀಳ್ತಿತ್ತು. ಅದೇ ಹೊತ್ತಿಗೆ ಮೈಸೂರಿನ ಒಂದು ಕಾಲೇಜಿನ ಡ್ಯಾನ್ಸ್ ತಂಡದವರು ದಸರಾ ಯುವ ಸಂಭ್ರಮಕ್ಕೆ ಟ್ರ್ಯಾಕ್ ಮಾಡಿಕೊಡಿ ಅಂದರು. ಜಾನಪದವೂ ಇರಬೇಕು, ಕೆಳಗೆ ದಪ್ಪ ಕಿಕ್ಕೂ (ಬೇಸ್ ಡ್ರಮ್ಮಿನ ಪೆಟ್ಟು) ಇರಬೇಕು. ನಾಲ್ಕು ಸಾವಿರಕ್ಕೆ ಮಾತಾಯ್ತು, ಎರಡು ಸಾವಿರ ಮುಂಗಡ ಕೈಗೆ ಬಂತು.

ಲೂಪ್ ಎಳೆದು ಹಾಕಿದೆ. ಸಾಫ್ಟ್‌ವೇರ್ 144 ಅಂತ ತೋರಿಸ್ತು. ಪ್ರಾಜೆಕ್ಟ್ 120ರಲ್ಲಿತ್ತು, ಅದೇ ತಾನಾಗಿ 144ರಿಂದ 120ಕ್ಕೆ ಎಳೆದು ಕೂರಿಸ್ತು. ನಾನು ‘ಆಹಾ’ ಅಂದ್ಕೊಂಡು ಚಹಾ ಕುಡಿಯೋಕೆ ಹೋದೆ. ತಪ್ಪು ನಡೆದದ್ದು ಅಲ್ಲೇ. ಏನಾಯ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಆ ತಮಟೆ ತಿಶ್ರ ನಡೆಯಲ್ಲಿತ್ತು. ತ-ಕಿ-ಟ, ತ-ಕಿ-ಟ. ಒಂದು ತಾಳಕ್ಕೆ ಮೂರು ಪೆಟ್ಟು. 5 ಸೆಕೆಂಡಿಗೆ 8 ತಾಳ, ಅಂದರೆ 8ನ್ನ 60ರಿಂದ ಗುಣಿಸಿ 5ರಿಂದ ಭಾಗಿಸಿದರೆ 96 ಬಿಪಿಎಂ. ಆದರೆ ಸಾಫ್ಟ್‌ವೇರ್‌ಗೆ ತ ಯಾವುದು, ಟ ಯಾವುದು ಅಂತ ಏನು ಗೊತ್ತು? ಅದಕ್ಕೆ ಕೇಳಿಸಿದ್ದು ನಿಮಿಷಕ್ಕೆ 288 ಪೆಟ್ಟು. ಅವನ್ನ ಎರಡೆರಡಾಗಿ ಜೋಡಿಸ್ಕೊಂಡು 144 ಅಂತು. ತಕಿಟವನ್ನ ತಕ, ತಕ ಅಂತ ಓದಿಕೊಂಡ ಹಾಗೆ. ಅದರಿಂದ 120ಕ್ಕೆ ಇಳಿಸಿದಾಗ ನನ್ನ ತಮಟೆ ನಿಜಕ್ಕೂ ಓಡ್ತಿದ್ದದ್ದು 80ರಲ್ಲಿ. 5 ಸೆಕೆಂಡಿನದ್ದು 6 ಸೆಕೆಂಡಿಗೆ ಹಿಗ್ಗಿತ್ತು.

ಪೂರ್ತಿ ತಪ್ಪಾಗಿದ್ದಿದ್ದರೆ ಕಿವಿಗೆ ತಕ್ಷಣ ಹೊಡೀತಿತ್ತು. ಇದು ಅರ್ಧ ಸರಿ ಇತ್ತು ನೋಡಿ, ಅದೇ ಕಷ್ಟ. 120ರ ಮೂರು ಕಿಕ್‌ಗೆ 80ರ ಎರಡು ತಾಳ ಸರಿಹೋಗುತ್ತೆ. ಹಾಗಾಗಿ ಎರಡೂ ಮೇಲಿಂದ ಮೇಲೆ ಸೇರ್ತಾನೇ ಇರ್ತವೆ, ಕೇಳೋರಿಗೆ ‘ಏನೋ ಫ್ಯೂಷನ್’ ಅನ್ನಿಸುತ್ತೆ. ಆದರೆ ನಾಲ್ಕು ಕಿಕ್‌ಗೆ ಒಂದು ಬಾರ್ ಅಂತ ಎಣಿಸಿದರೆ, ಸೇರೋ ಜಾಗ ಮೊದಲನೇ ಬಾರ್‌ನಲ್ಲಿ ಒಂದನೇ ಮತ್ತು ನಾಲ್ಕನೇ ಕಿಕ್, ಎರಡನೇ ಬಾರ್‌ನಲ್ಲಿ ಮೂರನೇದು, ಮೂರನೇ ಬಾರ್‌ನಲ್ಲಿ ಎರಡನೇದು. ಎಂಟೆಂಟು ಎಣಿಸಿ ಹೆಜ್ಜೆ ಹಾಕೋ ಹುಡುಗರಿಗೆ ತಮಟೆಯ ಒತ್ತು ಪ್ರತಿ ಸಲ ಬೇರೆ ಕಾಲಿಗೆ ಬರ್ತಿತ್ತು.

ಎರಡು ವಾರ ಅವರು ‘ಅಣ್ಣ, ಎಲ್ಲೋ ಜಾರ್ತಿದೆ’ ಅಂದರು. ನಾನು ‘ಪ್ರಾಕ್ಟೀಸ್ ಸಾಲದು ಕಣ್ರೋ’ ಅಂದೆ. ಕೊನೆಗೆ ಊರಿಗೆ ಹೋದಾಗ ಅದೇ ತಮಟೆ ಬಾರಿಸಿದ್ದ ಮಾವನಿಗೆ ಕೇಳಿಸಿದೆ. ಹತ್ತು ಸೆಕೆಂಡ್ ಕೇಳಿದರೋ ಇಲ್ಲವೋ, ‘ಇದ್ ನಾವ್ ಬಾರ್ಸಿದ್ದಲ್ಲ ಕಣ್ಲಾ ಮಗ, ಕುಂಟ್ತಾ ಅದೆ’ ಅಂದು ತೊಡೆ ಮೇಲೆ ಮೂರು ಬೆರಳಲ್ಲಿ ತಟ್ಟಿ ತೋರಿಸಿದರು. ಅಷ್ಟೊತ್ತಿಗೆ ತಂಡದವರು ಬೇರೆ ಯಾರ ಹತ್ತಿರವೋ ಟ್ರ್ಯಾಕ್ ಮಾಡಿಸ್ಕೊಂಡಾಗಿತ್ತು. ಎರಡು ಸಾವಿರ ವಾಪಸ್ ಕೊಟ್ಟೆ.

ಹಾಗಾಗಿ ಯಾವ ಸಾಫ್ಟ್‌ವೇರ್ ನಂಬಲಿ ಅನ್ನೋ ಪ್ರಶ್ನೆಯೇ ನನಗೆ ಹಿಡಿಸಲ್ಲ. ಯಾವುದನ್ನೂ ನಂಬಬೇಡಿ. ಮೊದಲು ಕೈಯಲ್ಲಿ ತಾಳ ಹಾಕಿ, ಒಂದು ತಾಳದೊಳಗೆ ಮೂರು ಇದೆಯೋ ನಾಲ್ಕು ಇದೆಯೋ ನೋಡಿ. ಆಮೇಲೆ ವೇವ್‌ಫಾರ್ಮ್ (ಪರದೆ ಮೇಲೆ ಕಾಣೋ ಸದ್ದಿನ ಚಿತ್ರ) ದೊಡ್ಡದು ಮಾಡ್ಕೊಂಡು ಒಂದು ಗಟ್ಟಿ ಏಟಿನ ತುದಿಯಿಂದ ಎಂಟು ತಾಳ ಕಳೆದ ಮೇಲಿನ ಏಟಿನ ತುದಿವರೆಗೆ ಕತ್ತರಿಸಿ. ಎಷ್ಟು ಸೆಕೆಂಡ್ ಅಂತ ನೋಡಿ ಮೇಲಿನ ಲೆಕ್ಕ ಹಾಕಿ. ಫೈಲಿನ ಶುರುವಿನಿಂದ ಅಳೆಯಬೇಡಿ, ಎಂಪಿ3 ಆದರೆ ಮೊದಲಲ್ಲಿ ಚೂರು ಮೌನ ಸೇರಿಕೊಂಡಿರುತ್ತೆ. ಅರ್ಧ, ದುಪ್ಪಟ್ಟಿನ ತಪ್ಪು ದೊಡ್ಡ ವಿಷಯ ಅಲ್ಲ, ಏಬಲ್ಟನ್ ಲೈವ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಗುಂಡಿಗಳೇ ಇವೆ. ಒಂದೂವರೆಗೆ ಗುಂಡಿ ಇಲ್ಲ, ಅದನ್ನ ನಿಮ್ಮ ಕೈಯೇ ಹಿಡೀಬೇಕು.

ಇನ್ನೊಂದು ಮಾತು. ಕ್ಲಿಕ್ (ತಾಳ ತೋರಿಸೋ ಟಿಕ್-ಟಿಕ್ ಸದ್ದು) ಕೇಳ್ಕೊಂಡು ಬಾರಿಸದ ತಮಟೆಗೆ ಒಂದೇ ಬಿಪಿಎಂ ಅಂತ ಇರೋದೇ ಇಲ್ಲ. ಕುಣಿಯೋರು ಹುರುಪಿಗೆ ಬಂದ ಹಾಗೆ ಅದೂ ಏರುತ್ತೆ. 96.4 ಇರೋದನ್ನ 96 ಅಂತ ಬಿಟ್ಟರೆ ಮೂರು ನಿಮಿಷಕ್ಕೆ ಒಂದು ತಾಳಕ್ಕಿಂತ ಜಾಸ್ತಿ ಜಾರುತ್ತೆ. ಚಿಕ್ಕ ಲೂಪ್ ಆದರೆ ಚಿಂತೆ ಇಲ್ಲ. ಉದ್ದ ರೆಕಾರ್ಡಿಂಗ್ ಆದರೆ ತಮಟೆಯನ್ನ ಗ್ರಿಡ್‌ಗೆ (ಸಾಫ್ಟ್‌ವೇರ್‌ನ ತಾಳದ ಗೆರೆಗಳಿಗೆ) ಬಗ್ಗಿಸಬೇಡಿ, ನಾಲ್ಕಾರು ಬಾರ್‌ಗೊಂದು ಟೆಂಪೋ ಮಾರ್ಕರ್ (ಇಲ್ಲಿಂದ ವೇಗ ಇಷ್ಟು ಅನ್ನೋ ಗುರುತು) ಹಾಕಿ ಗ್ರಿಡ್ಡನ್ನೇ ತಮಟೆ ಹಿಂದೆ ಓಡಿಸಿ. ತುಂಬಾ ಎಳೆದರೆ ಏಟಿನ ಮೊನೆ ಸತ್ತು ಒದ್ದೆ ಚರ್ಮದ ಸದ್ದು ಬರುತ್ತೆ.

ನಿಮ್ಮದು 92 ಇರಬೇಕು ಅಂತ ನನ್ನ ಅಂದಾಜು. ಎಂಟು ತಾಳ ಕತ್ತರಿಸಿದಾಗ 5.2 ಸೆಕೆಂಡ್ ಆಸುಪಾಸು ಬಂದರೆ ಅದೇ. 3.5ರ ಹತ್ತಿರ ಬಂದು, ಎಣಿಸೋವಾಗ ಬಾಯಲ್ಲಿ ಮೂರರ ತಕಿಟ ಬರದೆ ನಾಲ್ಕರ ತಕಧಿಮಿಯೇ ಬಂದರೆ 138 ಸರಿ, ನಾನು ಸೋತೆ. ಏನು ಬಂತು ಅಂತ ಕೆಳಗೆ ಹಾಕಿ.